ರಫ್ತಾದ ಕೋತಿಗಳು, ಉಳಿದ ವಂಶಾವಳಿ

ಇಪ್ಪತ್ತನೆಯ ಶತಮಾನದಲ್ಲಿ ಭಾರತದ ಬಂದರುಗಳಿಂದ ಹೊರಟ ಚಹಾ, ಸೆಣಬು, ಮೆಣಸುಗಳ ಚರಿತ್ರೆಯನ್ನು ಬರೆದವರು ಅನೇಕರಿದ್ದಾರೆ. ಅದೇ ಕಾಲದಲ್ಲಿ ಉತ್ತರ ಪ್ರದೇಶದ ಹಳ್ಳಿ, ಪೇಟೆ, ರಸ್ತೆಬದಿಯ ಮರಗಳಿಂದ ಹಿಡಿದು ಮೊದಲು ಹಡಗಿಗೂ ಅನಂತರ ವಿಮಾನಕ್ಕೂ ಏರಿಸಿದ ಕೋತಿಗಳ ವ್ಯಾಪಾರಕ್ಕೆ ಅಷ್ಟು ಗಮನ ದೊರೆತಿಲ್ಲ. ಸುಮಾರು ನಾಲ್ಕು ದಶಕಗಳ ಕಾಲ ಭರದಿಂದ ನಡೆದ ಈ ವ್ಯಾಪಾರ 1978ರ ಏಪ್ರಿಲ್ 1ರಂದು ನಿಂತಿತು. ನಡೆಯುತ್ತಿದ್ದಷ್ಟು ಕಾಲ ಅದು ಪಾಶ್ಚಾತ್ಯ ವೈದ್ಯಕೀಯ ಸಂಶೋಧನೆಗೆ ಕೊಟ್ಟದ್ದು ಪ್ರಾಣಿಗಳ ಸಂಖ್ಯೆಯನ್ನು. ಆ ಪ್ರಾಣಿಗಳೊಳಗೆ ಏನು ಅಡಗಿತ್ತೆಂಬುದು ತಿಳಿದುಬಂದದ್ದು ವ್ಯಾಪಾರ ನಿಂತ ಮೇಲೆ. ಒಂದೇ ಪ್ರಭೇದದ ಕೋತಿಗಳು ತಮ್ಮ ತಮ್ಮ ನೆಲೆಗಳಿಗೆ ಅನುಸಾರವಾಗಿ ಬೇರೆ ಬೇರೆ ಆನುವಂಶಿಕ ಚರಿತ್ರೆಯನ್ನು ಹೊತ್ತು ತಂದಿದ್ದವು, ಆ ವ್ಯತ್ಯಾಸವೇ ರೋಗಗಳ ಅಧ್ಯಯನಕ್ಕೆ ಬೆಲೆಯುಳ್ಳ ಸಾಧನವಾಗಿತ್ತು. ಧಾರಾಳವಾಗಿ ಸಿಗುತ್ತಿದ್ದ ಕಾಲದಲ್ಲಿ ಅದನ್ನು ಅಳೆಯುವ ಅಗತ್ಯವೇ ಯಾರಿಗೂ ತೋರಿರಲಿಲ್ಲ.

ಈ ವ್ಯಾಪಾರದ ಪ್ರಾಣಿ ರೀಸಸ್ ಕೋತಿ. ಗಿಡ್ಡ ಬಾಲ, ಕಂದು ಮೈ, ಕೆಂಪಗಿನ ಮುಖ ಮತ್ತು ಪೃಷ್ಠವುಳ್ಳ ಇದು ಆಫ್ಘಾನಿಸ್ತಾನದ ಪೂರ್ವ ಭಾಗದಿಂದ ಉತ್ತರ ಭಾರತ, ನೇಪಾಳ, ಬರ್ಮಾಗಳನ್ನು ಹಾದು ಚೀನಾದ ಕರಾವಳಿಯವರೆಗೆ ಹರಡಿಕೊಂಡಿದೆ. ಮನುಷ್ಯನನ್ನು ಬಿಟ್ಟರೆ ಇಷ್ಟು ವಿಸ್ತಾರವಾದ ನೆಲೆ ಬೇರಾವ ವಾನರ ಪ್ರಭೇದಕ್ಕೂ ಇಲ್ಲ. ದಕ್ಷಿಣದಲ್ಲಿ ಅದರ ಸಾಂಪ್ರದಾಯಿಕ ಗಡಿ ಗೋದಾವರಿಯ ಆಸುಪಾಸು. ಅಲ್ಲಿಂದ ಕೆಳಗೆ, ಕರ್ನಾಟಕದ ದೇವಸ್ಥಾನ, ಘಾಟಿ ರಸ್ತೆ, ತೋಟಗಳಲ್ಲಿ ದಿನವೂ ಕಾಣುವ, ನೆತ್ತಿಯ ಮೇಲೆ ಬೈತಲೆ ತೆಗೆದಂತೆ ಕೂದಲು ಹರಡಿಕೊಂಡ ಉದ್ದ ಬಾಲದ ಕೋತಿ ಬೇರೊಂದು ಪ್ರಭೇದ. ಅದನ್ನು ಬಾನೆಟ್ ಕೋತಿ ಎನ್ನುತ್ತಾರೆ. ಆದ್ದರಿಂದ ಕೋತಿ ರಫ್ತಿನ ಚರಿತ್ರೆ ಬಹುಮಟ್ಟಿಗೆ ಗಂಗಾ ಬಯಲಿನ ಚರಿತ್ರೆ. ರೀಸಸ್ ಕೋತಿ ಕಾಡಿಗಿಂತ ಹೆಚ್ಚಾಗಿ ಊರಿನ ಅಂಚಿನಲ್ಲಿ, ಕಾಲುವೆಯ ದಂಡೆಯಲ್ಲಿ, ರೈಲು ನಿಲ್ದಾಣದಲ್ಲಿ, ಗುಡಿಯ ಅಂಗಳದಲ್ಲಿ ಮನುಷ್ಯನ ಅನ್ನವನ್ನು ನಂಬಿ ಬದುಕುವ ಪ್ರಾಣಿಯಾದದ್ದರಿಂದ ಅದನ್ನು ಹಿಡಿಯುವುದೂ ಸುಲಭವಾಗಿತ್ತು, ಹಿಡಿದದ್ದನ್ನು ರೈಲಿಗೆ ಮುಟ್ಟಿಸುವುದೂ ಸುಲಭವಾಗಿತ್ತು.

ಪ್ರಯೋಗಾಲಯಗಳಿಗೆ ಈ ಕೋತಿಯ ಅಗತ್ಯ ಮೊದಲು ಬಿದ್ದದ್ದು ಪೋಲಿಯೊ ರೋಗದ ಕಾರಣದಿಂದ. ವಿಯೆನ್ನಾದಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಮತ್ತು ಎರ್ವಿನ್ ಪಾಪ್ಪರ್ ಅವರು ಪೋಲಿಯೊದಿಂದ ಸತ್ತ ಮಗುವಿನ ಬೆನ್ನುಹುರಿಯ ಅಂಶವನ್ನು ಎರಡು ಕೋತಿಗಳಿಗೆ ಚುಚ್ಚಿ, ರೋಗವು ದಾಟಬಲ್ಲದೆಂದೂ ಅದಕ್ಕೆ ಕಾರಣ ಬ್ಯಾಕ್ಟೀರಿಯವಲ್ಲವೆಂದೂ 1909ರಲ್ಲಿ ಪ್ರಕಟಿಸಿದರು. ಆ ಎರಡರಲ್ಲಿ ಒಂದು ರೀಸಸ್. ಇಲಿ, ಮೊಲ, ಗಿನಿ ಹಂದಿಗಳಲ್ಲಿ ಹಿಡಿಯದ ರೋಗ ಕೋತಿಯಲ್ಲಿ ಹಿಡಿಯಿತೆಂಬ ಒಂದೇ ಸಂಗತಿ ಮುಂದಿನ ಐವತ್ತು ವರ್ಷಗಳ ಬೇಡಿಕೆಯನ್ನು ನಿರ್ಧರಿಸಿತು. ಅದೇ ಲ್ಯಾಂಡ್‌ಸ್ಟೈನರ್ 1940ರಲ್ಲಿ ನ್ಯೂಯಾರ್ಕಿನಲ್ಲಿ ಅಲೆಕ್ಸಾಂಡರ್ ವೀನರ್ ಜೊತೆಗೂಡಿ, ರೀಸಸ್ ಕೋತಿಯ ರಕ್ತವನ್ನು ಮೊಲಕ್ಕೆ ಚುಚ್ಚಿ ಪಡೆದ ಪ್ರತಿಸೀರಮ್ ಸುಮಾರು ಶೇಕಡ 85ರಷ್ಟು ಮನುಷ್ಯರ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆಂದು ತೋರಿಸಿದರು. ರಕ್ತದ ಗುಂಪಿನ ಜೊತೆಗೆ ಇಂದು ಆಸ್ಪತ್ರೆಗಳಲ್ಲಿ ಬರೆಯುವ ಆರ್‌ಎಚ್ ಪಾಸಿಟಿವ್, ನೆಗೆಟಿವ್ ಎಂಬ ಗುರುತು ಈ ಕೋತಿಯ ಹೆಸರಿನಿಂದಲೇ ಬಂದದ್ದು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಮನುಷ್ಯ ಮನುಷ್ಯರ ನಡುವೆ ರಕ್ತದಲ್ಲಿ ಭೇದವುಂಟೆಂದು ಇಡೀ ಜೀವನ ಹುಡುಕಿದ ಲ್ಯಾಂಡ್‌ಸ್ಟೈನರ್ ಅವರ ಕಾಲದ ಪ್ರಯೋಗಾಲಯಗಳು ಕೋತಿ ಕೋತಿಗಳ ನಡುವೆ ಭೇದವನ್ನು ಎಣಿಸುತ್ತಿರಲಿಲ್ಲ. ಕೋತಿ ಅವಕ್ಕೆ ಒಂದು ಉಪಕರಣವಾಗಿತ್ತು.

ಆ ಹೊತ್ತಿಗೆ, ಬೇರೊಂದು ಉದ್ದೇಶದಿಂದ ನಡೆದ ಒಂದು ಸಾಗಣೆ ಮುಂದೆ ಆನುವಂಶಿಕ ಅಧ್ಯಯನಕ್ಕೆ ಅಡಿಪಾಯವಾಯಿತು. ಅಮೆರಿಕದ ಪ್ರಾಣಿವರ್ತನ ಶಾಸ್ತ್ರಜ್ಞ ಕ್ಲಾರೆನ್ಸ್ ರೇ ಕಾರ್ಪೆಂಟರ್ 1938ರಲ್ಲಿ ಭಾರತಕ್ಕೆ ಬಂದು, ಲಕ್ನೋ ಸುತ್ತಲಿನ ಜಿಲ್ಲೆಗಳಲ್ಲಿ ಹಿಡಿಸಿದ ಸುಮಾರು 500 ರೀಸಸ್ ಕೋತಿಗಳನ್ನು ಕಲ್ಕತ್ತೆಯಿಂದ ಹಡಗಿನಲ್ಲಿ ಕೊಂಡೊಯ್ದರು. ಅವರ ಗುರಿ ಕೆರಿಬಿಯನ್ ಸಮುದ್ರದ ಪೋರ್ಟೊರಿಕೊ ದ್ವೀಪದ ಪೂರ್ವ ತೀರಕ್ಕೆ ಒಂದು ಕಿಲೋಮೀಟರ್ ದೂರದಲ್ಲಿರುವ ಕಾಯೊ ಸ್ಯಾಂಟಿಯಾಗೊ ಎಂಬ ನಡುಗಡ್ಡೆ. ಅದರ ವಿಸ್ತೀರ್ಣ ಕೇವಲ 15 ಹೆಕ್ಟೇರು, ಅಂದರೆ ನಮ್ಮ ಲೆಕ್ಕದಲ್ಲಿ 38 ಎಕರೆಯಷ್ಟು. ಆರೋಗ್ಯವಂತ ಕೋತಿಗಳನ್ನು ಪ್ರಯೋಗಾಲಯಗಳಿಗೆ ಒದಗಿಸುವ ಸಾಕಣೆ ಕೇಂದ್ರವೂ ಆಗಬೇಕು, ಪ್ರಾಣಿಗಳು ಬಂಧನವಿಲ್ಲದೆ ಹೇಗೆ ಬಾಳುತ್ತವೆಂದು ನೋಡುವ ಜಾಗವೂ ಆಗಬೇಕು ಎಂಬ ಎರಡು ಆಸೆ ಈ ಯೋಜನೆಯ ಹಿಂದಿದ್ದವು. ಸುದೀರ್ಘ ಸಮುದ್ರಯಾನ, ಕ್ಷಯರೋಗದ ತಪಾಸಣೆ, ಹಚ್ಚೆಯ ಗುರುತು ಇವೆಲ್ಲ ಮುಗಿದು 409 ಕೋತಿಗಳನ್ನು ಆ ವರ್ಷದ ಕೊನೆಯಲ್ಲಿ ದ್ವೀಪದ ಮೇಲೆ ಬಿಡಲಾಯಿತು. ಜೊತೆಗೆ ತಂದ ಗಿಬ್ಬನ್ ವಾನರಗಳು ಮನುಷ್ಯರ ಮೇಲೆ ಎರಗತೊಡಗಿದ್ದರಿಂದ ಅವನ್ನು ಅಲ್ಲಿಂದ ತೆಗೆಯಬೇಕಾಯಿತು. ರೀಸಸ್ ಕೋತಿಗಳು ಮಾತ್ರ ಉಳಿದವು.

ಊರೂರಿನಿಂದ ಹಿಡಿದು ತಂದ, ಪರಸ್ಪರ ಅಪರಿಚಿತವಾದ ಕೋತಿಗಳನ್ನು ಒಂದೇ ಚಿಕ್ಕ ದ್ವೀಪದಲ್ಲಿ ಬಿಟ್ಟಾಗ ಆದದ್ದು ಕಾದಾಟ. ಗುಂಪುಗಳು ಕೂಡಿ ನೆಲೆಗೊಳ್ಳುವ ಮೊದಲು ಅನೇಕ ಪ್ರಾಣಿಗಳು, ಅದರಲ್ಲಿಯೂ ಮರಿಗಳು, ಸತ್ತವು. ಯುದ್ಧಕಾಲದಲ್ಲಿ ಹಣದ ಅಭಾವ ಉಂಟಾಗಿ, ದ್ವೀಪದ ಕೋತಿಗಳನ್ನು ಪ್ರಯೋಗಾಲಯಗಳಿಗೆ ಕೊಟ್ಟು, ಸಂಖ್ಯೆ ತೀರಾ ಇಳಿಯಿತು. 1956ರಲ್ಲಿ ಸ್ಟುವರ್ಟ್ ಆಲ್ಟ್‌ಮನ್ ಎಂಬ ಯುವ ಸಂಶೋಧಕರು ಅಲ್ಲಿಗೆ ಬಂದು ಪ್ರತಿಯೊಂದು ಕೋತಿಗೂ ಹಚ್ಚೆ ಹಾಕಿ, ಯಾವ ತಾಯಿಗೆ ಯಾವ ಮರಿ ಎಂಬುದನ್ನು ಬರೆದಿಡುವ ಪದ್ಧತಿಯನ್ನು ಆರಂಭಿಸಿದರು. ಆ ಬಳಿಕ ಹೊರಗಿನಿಂದ ಒಂದು ಕೋತಿಯನ್ನೂ ದ್ವೀಪಕ್ಕೆ ತಂದಿಲ್ಲ. ಹೀಗೆ ಗಂಗಾ ಬಯಲಿನ ಕೆಲವು ಜಿಲ್ಲೆಗಳ ಕೋತಿಗಳ ಸಂತತಿ ಅಟ್ಲಾಂಟಿಕ್‌ನ ಆಚೆಗೆ, ತಾಯಿಯ ಕಡೆಯ ವಂಶಾವಳಿ ಪೂರ್ತಿ ತಿಳಿದಿರುವ ಸ್ಥಿತಿಯಲ್ಲಿ ಬೆಳೆಯಿತು. ಕೋತಿಗಳ ವಿಷಯದಲ್ಲಿ ಅಂಥ ದಾಖಲೆ ಅವುಗಳ ತವರಿನಲ್ಲಿ ಎಲ್ಲಿಯೂ ಇರಲಿಲ್ಲ.

ವ್ಯಾಪಾರದ ನಿಜವಾದ ಮಹಾಪೂರ ಬಂದದ್ದು ಪೋಲಿಯೊ ಲಸಿಕೆಯ ಜೊತೆಯಲ್ಲಿ. ಬಾಸ್ಟನ್ನಿನಲ್ಲಿ ಜಾನ್ ಎಂಡರ್ಸ್, ಥಾಮಸ್ ವೆಲ್ಲರ್ ಮತ್ತು ಫ್ರೆಡರಿಕ್ ರಾಬಿನ್ಸ್ 1949ರಲ್ಲಿ ಪೋಲಿಯೊ ವೈರಸ್ಸನ್ನು ನರಮಂಡಲಕ್ಕೆ ಸೇರದ ಅಂಗಾಂಶದಲ್ಲಿಯೂ ಗಾಜಿನ ಪಾತ್ರೆಯೊಳಗೆ ಬೆಳೆಸಬಹುದೆಂದು ತೋರಿಸಿದ ಮೇಲೆ, ರೀಸಸ್ ಕೋತಿಯ ಮೂತ್ರಪಿಂಡದ ಕೋಶಗಳು ವೈರಸ್ ಬೆಳೆಸುವ ನೆಲವಾದವು. ಜೋನಾಸ್ ಸಾಲ್ಕ್ ಅವರ ಲಸಿಕೆಗೆ 1955ರ ಏಪ್ರಿಲ್ 12ರಂದು ಅನುಮತಿ ದೊರೆಯಿತು. ಲಸಿಕೆಯ ತಯಾರಿಕೆಗೂ ಪ್ರತಿ ತಂಡದ ಸುರಕ್ಷತೆಯ ಪರೀಕ್ಷೆಗೂ ಕೋತಿಗಳು ಬೇಕಾಗಿದ್ದರಿಂದ 1950ರ ದಶಕದ ಕೊನೆಯ ವರ್ಷಗಳಲ್ಲಿ ಭಾರತದಿಂದ ಹೋಗುತ್ತಿದ್ದ ಕೋತಿಗಳ ಸಂಖ್ಯೆ ವರ್ಷಕ್ಕೆ ಒಂದು ಲಕ್ಷವನ್ನು ದಾಟಿತ್ತು. ಹಳ್ಳಿಗಳಲ್ಲಿ ಬಲೆಗೆ ಬಿದ್ದ ಕೋತಿಗಳನ್ನು ಬಿದಿರಿನ ಪಂಜರಗಳಲ್ಲಿ ತುಂಬಿ, ಅಡ್ಡೆ ಕಟ್ಟಿ ಹೆಗಲ ಮೇಲೆ ಹೊತ್ತು ರೈಲು ನಿಲ್ದಾಣಕ್ಕೆ ತಂದು, ದೆಹಲಿಯ ವ್ಯಾಪಾರಿಗಳಿಗೆ ಒಪ್ಪಿಸುತ್ತಿದ್ದರು; ಅಲ್ಲಿಂದ ವಿಮಾನದಲ್ಲಿ ಲಂಡನ್ನಿಗೆ, ಲಂಡನ್ನಿನಿಂದ ನ್ಯೂಯಾರ್ಕಿಗೆ, ಅಲ್ಲಿಂದ ದಕ್ಷಿಣ ಕೆರೊಲಿನಾದ ಓಕೇಟಿ ಎಂಬಲ್ಲಿದ್ದ ಕೋತಿಗಳ ಆರೈಕೆ ತಾಣಕ್ಕೆ ಅವುಗಳ ಪ್ರಯಾಣ. ಈ ದಾರಿಯ ಪ್ರತಿಯೊಂದು ನಿಲುಗಡೆಯಲ್ಲಿಯೂ ಬೇರೆ ಬೇರೆ ಊರುಗಳ ಕೋತಿಗಳು ಒಂದೇ ಪಂಜರಕ್ಕೆ ಸೇರುತ್ತಿದ್ದವು. ಎಣಿಕೆ ಕಟ್ಟುನಿಟ್ಟಾಗಿ ನಡೆಯುತ್ತಿತ್ತು, ಹುಟ್ಟಿದ ನೆಲೆಯ ಗುರುತು ಮೊದಲ ಹಂತದಲ್ಲಿಯೇ ಅಳಿಸಿಹೋಗುತ್ತಿತ್ತು.

1955ರ ಜನವರಿಯಲ್ಲಿ ಲಂಡನ್ ವಿಮಾನ ನಿಲ್ದಾಣದಲ್ಲಿ ಮುಚ್ಚಿದ ವಾಹನವೊಂದರೊಳಗೆ ಸುಮಾರು 400 ಕೋತಿಗಳು ಉಸಿರುಗಟ್ಟಿ ಸತ್ತವು. ಹನುಮಂತನನ್ನು ಪೂಜಿಸುವ ದೇಶದಲ್ಲಿ ಈ ಸುದ್ದಿ ಎಬ್ಬಿಸಿದ ಸಿಟ್ಟಿಗೆ ಮಣಿದು ಭಾರತ ಸರ್ಕಾರ ಆ ವರ್ಷದ ಮಾರ್ಚ್‌ನಲ್ಲಿ ರಫ್ತನ್ನು ನಿಷೇಧಿಸಿತಾದರೂ, ಮಕ್ಕಳ ಲಸಿಕೆಯ ಮಾತು ಮುಂದೆ ಬಂದಾಗ ಕೆಲವೇ ವಾರಗಳಲ್ಲಿ ನಿಷೇಧವನ್ನು ಸಡಿಲಿಸಿತು. ಕೋತಿಗಳನ್ನು ವೈದ್ಯಕೀಯ ಸಂಶೋಧನೆಗೂ ಲಸಿಕೆಯ ತಯಾರಿಕೆಗೂ ಮಾತ್ರ ಬಳಸಬೇಕು, ಅಣ್ವಸ್ತ್ರಕ್ಕೆ ಸಂಬಂಧಿಸಿದ ಪ್ರಯೋಗಗಳಿಗೆ ಬಳಸಕೂಡದು ಎಂಬ ಷರತ್ತು ಆಗ ಸೇರಿಕೊಂಡಿತು.

ರಫ್ತು ಕಾಡು ನಾಡುಗಳ ಕೋತಿಗಳ ಮೇಲೆ ಯಾವ ಪರಿಣಾಮ ಮಾಡಿತೆಂಬುದನ್ನು ಮೊದಲ ಬಾರಿಗೆ ಅಳೆದವರು ಅಮೆರಿಕದ ಚಾರ್ಲ್ಸ್ ಸೌತ್‌ವಿಕ್ ಮತ್ತು ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಎಂ. ಆರ್. ಸಿದ್ದೀಕಿ ಮೊದಲಾದವರು. 1959ರಿಂದ ಉತ್ತರ ಪ್ರದೇಶದ ಹಳ್ಳಿ, ಪೇಟೆ, ಗುಡಿಗಳಲ್ಲಿ ಅವರು ನಡೆಸಿದ ಗಣತಿಯಲ್ಲಿ ಎದ್ದು ಕಂಡ ಸಂಗತಿ ಎಳೆಯ ಕೋತಿಗಳ ಕೊರತೆ. ಖರೀದಿದಾರರಿಗೆ ಬೇಕಾಗಿದ್ದದ್ದು ಒಂದರಿಂದ ಮೂರು ವರ್ಷದ, ಹಗುರವಾದ, ಪಳಗಿಸಲು ಸುಲಭವಾದ ಪ್ರಾಣಿಗಳು. ಹೀಗಾಗಿ ಮುಂದಿನ ತಲೆಮಾರಾಗಬೇಕಾದ ಕೋತಿಗಳೇ ಮೊದಲು ಖಾಲಿಯಾಗುತ್ತಿದ್ದವು. ಜನ ಹಿಡಿಯಗೊಡದ ದೇವಸ್ಥಾನಗಳ ಸುತ್ತಮುತ್ತ ಈ ಕೊರತೆ ಅಷ್ಟಾಗಿ ಇರಲಿಲ್ಲ. ಪ್ರಯೋಗಾಲಯಗಳ ಕಡೆಯಲ್ಲಿಯೂ ಅದೇ ಕಾಲಕ್ಕೆ ಒಂದು ಆಘಾತ ಕಾದಿತ್ತು: 1960ರಲ್ಲಿ ಬೆನ್ ಸ್ವೀಟ್ ಮತ್ತು ಮಾರಿಸ್ ಹಿಲ್ಮನ್ ಅವರು ರೀಸಸ್ ಕೋತಿಗಳ ಮೂತ್ರಪಿಂಡದಲ್ಲಿ ಆ ಪ್ರಾಣಿಗೆ ಕೇಡು ಮಾಡದೆ ಅಡಗಿರುವ ಎಸ್‌ವಿ-40 ಎಂಬ ವೈರಸ್ಸನ್ನು ಕಂಡುಹಿಡಿದರು, ಅದು ಆಗಲೇ ಲಸಿಕೆಯೊಳಗೆ ಸೇರಿಹೋಗಿತ್ತು. ಲಸಿಕೆಯ ತಯಾರಕರು ಆಫ್ರಿಕದ ಹಸಿರು ಕೋತಿಯ ಕಡೆಗೆ ತಿರುಗಿದ್ದಕ್ಕೆ ಇದೂ ಒಂದು ಕಾರಣ. ಒಂದು ಕೋತಿಯ ಬದಲು ಇನ್ನೊಂದು ಕೋತಿಯನ್ನು ಇಟ್ಟರೆ ಫಲಿತಾಂಶ ಬದಲಾಗುವುದಿಲ್ಲವೆಂಬ ನಂಬಿಕೆಗೆ ಬಿದ್ದ ಮೊದಲ ಪೆಟ್ಟು ಅದು.

ವ್ಯಾಪಾರದ ಅಂತ್ಯವನ್ನು ತಂದದ್ದು ಷರತ್ತಿನ ಉಲ್ಲಂಘನೆ. ಅಮೆರಿಕದ ಸೇನೆಗೆ ಸೇರಿದ ಸಂಸ್ಥೆಯೊಂದರಲ್ಲಿ ರೀಸಸ್ ಕೋತಿಗಳಿಗೆ ತೀವ್ರ ವಿಕಿರಣ ಹಾಯಿಸಿ, ಸಾಯುವ ಮುನ್ನ ಅವು ಎಷ್ಟು ಹೊತ್ತು ದುಡಿಯಬಲ್ಲವೆಂದು ನೋಡುವ ಪ್ರಯೋಗಗಳು ನಡೆಯುತ್ತಿರುವುದನ್ನು ಶರ್ಲಿ ಮೆಕ್‌ಗ್ರೀಲ್ ಸ್ಥಾಪಿಸಿದ ಅಂತರರಾಷ್ಟ್ರೀಯ ವಾನರ ಸಂರಕ್ಷಣಾ ಕೂಟ ಬಯಲಿಗೆಳೆಯಿತು. ಪ್ರಧಾನಿ ಮೊರಾರ್ಜಿ ದೇಸಾಯಿಯವರ ಸರ್ಕಾರ 1977ರ ಕೊನೆಯಲ್ಲಿ ನಿಷೇಧವನ್ನು ಘೋಷಿಸಿ, 1978ರ ಏಪ್ರಿಲ್‌ನಿಂದ ಜಾರಿಗೆ ತಂದಿತು; ಮರುವರ್ಷ ಬಾಂಗ್ಲಾದೇಶವೂ ಬಾಗಿಲು ಮುಚ್ಚಿತು. ಮಾಂಸಾಹಾರವನ್ನೇ ಒಲ್ಲದ ಮೊರಾರ್ಜಿಯವರ ಸ್ವಭಾವಕ್ಕೆ ಈ ತೀರ್ಮಾನವನ್ನು ಪೂರ್ತಿ ಒಪ್ಪಿಸಿಬಿಡುವ ರೂಢಿ ಕೆಲವು ಬರಹಗಳಲ್ಲಿದೆ. ಕೋತಿಗಳ ಸಂಖ್ಯೆ ಕುಸಿಯುತ್ತಿದ್ದುದು, ರಫ್ತಿನ ಮಿತಿಯನ್ನು ಸರ್ಕಾರ ಕೆಲವು ವರ್ಷಗಳಿಂದ ಇಳಿಸುತ್ತಲೇ ಬಂದಿದ್ದುದು ಇವನ್ನು ನೋಡಿದರೆ ನಿಷೇಧವು ಒಬ್ಬ ವ್ಯಕ್ತಿಯ ಮನೋಧರ್ಮಕ್ಕಿಂತ ದೊಡ್ಡ ಕಾರಣಗಳ ಫಲವೆಂದೇ ಹೇಳಬೇಕಾಗುತ್ತದೆ.

ನಿಷೇಧದ ಮರುದಿನದಿಂದ ಅಮೆರಿಕದ ಪ್ರಯೋಗಾಲಯಗಳಲ್ಲಿದ್ದ ಭಾರತ ಮೂಲದ ಕೋತಿಗಳೇ ಕೊನೆಯ ಕೋತಿಗಳಾದವು. 1960ರ ದಶಕದಲ್ಲಿ ಆರಿಗನ್, ಕ್ಯಾಲಿಫೋರ್ನಿಯಾ, ವಿಸ್ಕಾನ್ಸಿನ್, ಲೂಯಿಸಿಯಾನಾ ಮುಂತಾದ ಕಡೆ ಸ್ಥಾಪಿತವಾಗಿದ್ದ ರಾಷ್ಟ್ರೀಯ ವಾನರ ಸಂಶೋಧನಾ ಕೇಂದ್ರಗಳು ತಮ್ಮಲ್ಲಿದ್ದುದನ್ನೇ ಸಾಕಿ ಬೆಳೆಸಬೇಕಾಯಿತು. ಹಾಗೆ ಸಾಕುವಾಗ ಯಾರ ಮರಿ ಯಾರದೆಂಬ ಪುಸ್ತಕ ಇಡದೆ ವಿಧಿಯಿರಲಿಲ್ಲ. ಹತ್ತಿರದ ರಕ್ತಸಂಬಂಧಿಗಳ ನಡುವೆ ಸಂತಾನವಾಗುತ್ತ ಹೋದರೆ ಹಿಂಡು ದುರ್ಬಲವಾಗುವುದು ಪಶುಪಾಲಕರೆಲ್ಲರೂ ಬಲ್ಲ ಸಂಗತಿ. ಕೊರತೆಯನ್ನು ತುಂಬಲು ಚೀನಾದಿಂದ ರೀಸಸ್ ಕೋತಿಗಳನ್ನು ತರಿಸಲಾಯಿತು. ಪ್ರಭೇದ ಅದೇ, ಹೆಸರು ಅದೇ, ನೋಟಕ್ಕೆ ಹೆಚ್ಚಿನ ಭೇದವಿಲ್ಲ. ಆದ್ದರಿಂದ ಕೆಲವು ಕಡೆ ಎರಡು ಮೂಲದ ಪ್ರಾಣಿಗಳೂ ಬೆರೆತು ಮರಿ ಹಾಕಿದವು.

ಭೇದ ಬಯಲಾದದ್ದು ಏಡ್ಸ್ ರೋಗದ ಸಂಶೋಧನೆಯಲ್ಲಿ. ಮನುಷ್ಯರಲ್ಲಿ ಏಡ್ಸ್ ಉಂಟುಮಾಡುವ ಎಚ್‌ಐವಿಗೆ ಸಮೀಪದ ಬಂಧುವಾದ ಎಸ್‌ಐವಿ ಎಂಬ ವೈರಸ್ಸನ್ನು 1985ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿದ್ದ ನ್ಯೂ ಇಂಗ್ಲೆಂಡ್ ಕೇಂದ್ರದ ಕೋತಿಗಳಲ್ಲಿ ಗುರುತಿಸಲಾಯಿತು. ಅದರ ಮೂಲ ಪಶ್ಚಿಮ ಆಫ್ರಿಕದ ಸೂಟಿ ಮ್ಯಾಂಗಬೆ ಎಂಬ ಕೋತಿ. ಸೋಂಕಿದ್ದರೂ ಆ ಪ್ರಾಣಿ ಆರೋಗ್ಯದಿಂದಲೇ ಇರುತ್ತದೆ, ಏಷ್ಯಾದ ರೀಸಸ್ ಕೋತಿಗೆ ತಗುಲಿದರೆ ಮಾತ್ರ ರೋಗ ನಿರೋಧಕ ಶಕ್ತಿ ಕುಸಿದು ಸಾವು ಬರುತ್ತದೆ. ಔಷಧ ಮತ್ತು ಲಸಿಕೆಗಳನ್ನು ಪರೀಕ್ಷಿಸಲು ಇದಕ್ಕಿಂತ ತಕ್ಕ ಮಾದರಿ ಸಿಗಲಿಲ್ಲ. ಆದರೆ ಒಂದೇ ವೈರಸ್ಸನ್ನು ಒಂದೇ ಪ್ರಮಾಣದಲ್ಲಿ ಕೊಟ್ಟಾಗಲೂ ಭಾರತ ಮೂಲದ ಕೋತಿಗಳಲ್ಲಿ ವೈರಸ್ ಹೆಚ್ಚು ಏರಿ, ರೋಗ ಬೇಗನೆ ಮುಂದುವರಿಯುತ್ತದೆ, ಚೀನಾ ಮೂಲದವುಗಳಲ್ಲಿ ವೈರಸ್ಸಿನ ಮಟ್ಟ ಕಡಿಮೆಯಿದ್ದು ಪ್ರಾಣಿ ಹೆಚ್ಚು ಕಾಲ ಬದುಕುತ್ತದೆ ಎಂಬುದು 2000ದ ನಂತರದ ಕೆಲವೇ ವರ್ಷಗಳಲ್ಲಿ ಹಲವು ಪ್ರಯೋಗಾಲಯಗಳಿಂದ ಸಿದ್ಧವಾಯಿತು. ಯಾವ ಮೂಲದ ಕೋತಿಯ ಮೇಲೆ ನಡೆಯಿತೆಂದು ಹೇಳದ ಪ್ರಯೋಗದ ಫಲಿತಾಂಶಕ್ಕೆ ಅಂದಿನಿಂದ ಬೆಲೆ ಕಡಿಮೆಯಾಯಿತು.

ಒಂದೇ ಮೂಲದ ಕೋತಿಗಳ ನಡುವಿನ ವ್ಯತ್ಯಾಸ ಇನ್ನೂ ಸೂಕ್ಷ್ಮವಾದದ್ದು. ದೇಹದ ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶವೂ ತನ್ನೊಳಗೆ ತಯಾರಾಗುತ್ತಿರುವ ಪ್ರೋಟೀನುಗಳ ಚಿಕ್ಕ ತುಣುಕುಗಳನ್ನು ಹೊರಮೈಮೇಲೆ ಎತ್ತಿ ತೋರಿಸುತ್ತಿರುತ್ತದೆ. ಕೋಶದೊಳಗೆ ವೈರಸ್ ಸೇರಿದ್ದರೆ ಅದರ ತುಣುಕೂ ಹಾಗೆ ಹೊರಗೆ ಬರುತ್ತದೆ, ಅದನ್ನು ಕಂಡ ಕೊಲೆಗಾರ ಬಿಳಿರಕ್ತಕಣಗಳು ಆ ಕೋಶವನ್ನು ನಾಶಮಾಡುತ್ತವೆ. ತುಣುಕನ್ನು ಹಿಡಿದು ತೋರಿಸುವ ಅಣುಗಳನ್ನು ರೂಪಿಸುವ ವಂಶವಾಹಿಗಳ ಸಮೂಹಕ್ಕೆ ಎಂಎಚ್‌ಸಿ ಎಂದು ಹೆಸರು. ಈ ವಂಶವಾಹಿಗಳಿಗೆ ಅಸಂಖ್ಯ ಬದಲಿ ರೂಪಗಳಿದ್ದು, ಯಾವ ರೂಪವಿದೆಯೋ ಅದಕ್ಕೆ ತಕ್ಕಂತೆ ವೈರಸ್ಸಿನ ಯಾವ ತುಣುಕು ಕಣ್ಣಿಗೆ ಬೀಳುತ್ತದೆಂಬುದು ನಿಶ್ಚಯವಾಗುತ್ತದೆ. ಭಾರತ ಮೂಲದ ರೀಸಸ್ ಕೋತಿಗಳಲ್ಲಿ ಹೆಚ್ಚುಕಡಿಮೆ ನಾಲ್ಕು ಅಥವಾ ಐದಕ್ಕೆ ಒಂದರಲ್ಲಿ ಕಾಣುವ ಮಾಮು ಎ-01 ಎಂಬ ರೂಪ ಎಸ್‌ಐವಿಯ ಒಂದು ನಿರ್ದಿಷ್ಟ ತುಣುಕನ್ನು ಬಲವಾಗಿ ಹಿಡಿದು ತೋರಿಸುತ್ತದೆ; ಆ ರೂಪವಿರುವ ಕೋತಿಗಳು ಲಸಿಕೆ ಪಡೆಯದಿದ್ದರೂ ಸೋಂಕನ್ನು ಉಳಿದವುಗಳಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ. ಮಾಮು ಬಿ-08, ಮಾಮು ಬಿ-17 ಎಂಬ ರೂಪಗಳಿರುವ ಕೆಲವು ಪ್ರಾಣಿಗಳಂತೂ ವೈರಸ್ಸನ್ನು ಹೆಚ್ಚುಕಡಿಮೆ ಪೂರ್ತಿ ಅದುಮಿಡುತ್ತವೆ.

ಇದರ ಪರಿಣಾಮವನ್ನು ಲಸಿಕೆಯ ಪ್ರಯೋಗವೊಂದರ ಲೆಕ್ಕದಲ್ಲಿ ನೋಡಬೇಕು. ಲಸಿಕೆ ಕೊಟ್ಟ ಆರು ಕೋತಿಗಳು, ಕೊಡದ ಆರು ಕೋತಿಗಳು ಇವೆಯೆಂದು ಇಟ್ಟುಕೊಂಡರೆ, ಮೊದಲ ಗುಂಪಿಗೆ ಮೂರು ಎ-01 ಪ್ರಾಣಿಗಳು ಕಾಕತಾಳೀಯವಾಗಿ ಬಿದ್ದು ಎರಡನೆಯದಕ್ಕೆ ಒಂದೂ ಬೀಳದಿದ್ದಾಗ, ನಿಷ್ಪ್ರಯೋಜಕ ಲಸಿಕೆಯೂ ಗುಣಕಾರಿಯೆಂದು ತೋರಿಬಿಡಬಹುದು. ಹೀಗಾಗಿ ಪ್ರಯೋಗ ಆರಂಭವಾಗುವ ಮೊದಲೇ ಪ್ರತಿಯೊಂದು ಕೋತಿಯ ವಂಶವಾಹಿ ರೂಪವನ್ನು ಪರೀಕ್ಷಿಸಿ, ಎರಡೂ ಗುಂಪುಗಳಿಗೆ ಸಮನಾಗಿ ಹಂಚುವ ಪದ್ಧತಿ ಬಂದಿತು. ವೈರಸ್ ಕೋಶದೊಳಗೆ ನುಗ್ಗಿದ ಕೂಡಲೇ ಅದರ ಕವಚವನ್ನು ಹಿಡಿದು ಕೆಡಿಸುವ ಟ್ರಿಮ್-5 ಎಂಬ ಪ್ರೋಟೀನಿನ ವಂಶವಾಹಿಯೂ ಕೋತಿಯಿಂದ ಕೋತಿಗೆ ಬದಲಾಗುತ್ತದೆಂದೂ, ಎಸ್‌ಐವಿಯ ಕೆಲವು ತಳಿಗಳ ಬೆಳವಣಿಗೆಯನ್ನು ಅದು ತಗ್ಗಿಸುತ್ತದೆಂದೂ 2010ರ ಹೊತ್ತಿಗೆ ಗೊತ್ತಾದ ಮೇಲೆ ಪರೀಕ್ಷೆಯ ಪಟ್ಟಿಗೆ ಅದೂ ಸೇರಿತು. ಹಿಂದೆ ಫಲಿತಾಂಶವನ್ನು ಹಾಳುಮಾಡುವ ಕಿರುಕುಳವೆಂದು ಎಣಿಸಿದ್ದ ವ್ಯತ್ಯಾಸವೇ ಈಗ ಒಂದು ಪ್ರಶ್ನೆಗೆ ದಾರಿ ಮಾಡಿಕೊಟ್ಟಿತ್ತು: ಒಂದೇ ಸೋಂಕಿಗೆ ಒಬ್ಬ ಬೇಗ ಬಲಿಯಾಗಿ ಇನ್ನೊಬ್ಬ ಏಕೆ ಉಳಿಯುತ್ತಾನೆಂಬ, ಮನುಷ್ಯರ ವಿಷಯದಲ್ಲಿಯೂ ಕೇಳಲೇಬೇಕಾದ ಪ್ರಶ್ನೆಗೆ.

ಭಾರತ, ಚೀನಾ ಮೂಲಗಳ ನಡುವಿನ ಅಂತರ ಎಷ್ಟು ಹಳೆಯದೆಂಬುದಕ್ಕೆ ಉತ್ತರ ಬಂದದ್ದು 2007ರಲ್ಲಿ. ಆ ವರ್ಷದ ಏಪ್ರಿಲ್‌ನಲ್ಲಿ ರೀಸಸ್ ಕೋತಿಯ ಜೀನೋಮ್, ಅಂದರೆ ಆ ಪ್ರಾಣಿಯ ಸಮಗ್ರ ಡಿಎನ್‌ಎ ಬರಹ, ಪ್ರಕಟವಾಯಿತು; ಮಾದರಿಗೆ ಆರಿಸಿಕೊಂಡದ್ದು ಟೆಕ್ಸಾಸ್‌ನಲ್ಲಿ ಸಾಕಿದ್ದ ಭಾರತ ಮೂಲದ ಒಂದು ಹೆಣ್ಣು ಕೋತಿಯನ್ನು. ಮನುಷ್ಯ ಮತ್ತು ರೀಸಸ್ ಸುಮಾರು ಎರಡೂವರೆ ಕೋಟಿ ವರ್ಷಗಳ ಹಿಂದೆ ಬೇರೆಯಾದವರಾದರೂ ಹೋಲಿಸಬಹುದಾದ ಭಾಗಗಳಲ್ಲಿ ಡಿಎನ್‌ಎ ಅಕ್ಷರಗಳು ಶೇಕಡ 93ರಷ್ಟು ಹೊಂದುತ್ತವೆ. ಅದರ ಜೊತೆಯಲ್ಲಿ ಬಂದ ಮತ್ತೊಂದು ಅಧ್ಯಯನ, ಭಾರತದ ಮತ್ತು ಚೀನಾದ ರೀಸಸ್ ಸಮುದಾಯಗಳು ಸುಮಾರು 1,62,000 ವರ್ಷಗಳ ಹಿಂದೆ ಕವಲೊಡೆದವೆಂದೂ, ಆ ಬಳಿಕ ಚೀನಾದ ಸಮುದಾಯ ಹಿಗ್ಗಿದರೆ ಭಾರತದ್ದು ಕುಗ್ಗಿತೆಂದೂ ಅಂದಾಜು ಮಾಡಿತು. ಚೀನಾದ ಕೋತಿಗಳಲ್ಲಿ ಅಪರೂಪದ ಬದಲಿ ರೂಪಗಳು ಹೆಚ್ಚು, ಭಾರತದವುಗಳಲ್ಲಿ ಕಡಿಮೆ ಎಂಬ ವ್ಯತ್ಯಾಸಕ್ಕೆ ಇದೇ ಕಾರಣ. ಆದರೂ ಭಾರತ ಮೂಲದ ಒಂದು ಹಿಂಡಿನ ವೈವಿಧ್ಯ ಅಲ್ಪವೆಂದು ತಿಳಿಯಕೂಡದು. ಡಿಎನ್‌ಎಯ ಒಂದೊಂದು ಅಕ್ಷರದಲ್ಲಿನ ಬದಲಾವಣೆಗಳನ್ನು ಎಣಿಸಿದರೆ ರೀಸಸ್ ಕೋತಿಗಳ ವೈವಿಧ್ಯ ಇಡೀ ಮನುಷ್ಯ ಕುಲದ್ದರ ಎರಡರಷ್ಟಿದೆ. 2020ರಲ್ಲಿ 853 ಕೋತಿಗಳ ಜೀನೋಮ್ ಓದಿ ಪ್ರಕಟಿಸಿದ ಪಟ್ಟಿಯಲ್ಲಿ ಅಂಥ ಬದಲಾವಣೆಗಳ ಸಂಖ್ಯೆ ಎಂಟೂವರೆ ಕೋಟಿಯನ್ನು ಮೀರಿತ್ತು.

ಈ ವೈವಿಧ್ಯ ನೆಲದ ಮೇಲೆ ಹೇಗೆ ಹಂಚಿಕೆಯಾಗಿದೆ ಎಂಬುದಕ್ಕೆ ಕೋತಿಗಳ ಸಂಸಾರ ಪದ್ಧತಿಯೇ ಕಾರಣ. ಹೆಣ್ಣು ಹುಟ್ಟಿದ ಗುಂಪಿನಲ್ಲಿಯೇ ತಾಯಿ, ಅಕ್ಕತಂಗಿಯರ ಜೊತೆ ಬಾಳುತ್ತದೆ, ಗಂಡು ಪ್ರಾಯಕ್ಕೆ ಬಂದೊಡನೆ ಗುಂಪನ್ನು ಬಿಟ್ಟು ಬೇರೆ ಗುಂಪನ್ನು ಸೇರುತ್ತದೆ. ಆದ್ದರಿಂದ ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಮೈಟೋಕಾಂಡ್ರಿಯದ ಡಿಎನ್‌ಎ ಒಂದೊಂದು ಸೀಮೆಯಲ್ಲಿ ಒಂದೊಂದು ಬಗೆಯಾಗಿ ನಿಂತುಬಿಡುತ್ತದೆ; ತಂದೆತಾಯಿ ಇಬ್ಬರಿಂದಲೂ ಬರುವ ವರ್ಣತಂತುಗಳ ಡಿಎನ್‌ಎ ಗಂಡುಗಳ ಅಲೆದಾಟದಿಂದ ದೂರದೂರಕ್ಕೆ ಬೆರೆಯುತ್ತದೆ. ಕಾಯೊ ಸ್ಯಾಂಟಿಯಾಗೊದ ದಾಖಲೆಗಳು ಈ ಮಾತಿಗೆ ಕಣ್ಣಿಗೆ ಕಾಣುವ ಪುರಾವೆ ಒದಗಿಸಿದವು. ಅಲ್ಲಿ ದೊಡ್ಡ ಗುಂಪು ಒಡೆಯುವಾಗ ಮನಬಂದಂತೆ ಒಡೆಯದೆ, ಒಂದು ಅಜ್ಜಿಯ ಸಂತತಿ ಒಂದು ಕಡೆಗೆ, ಇನ್ನೊಂದು ಅಜ್ಜಿಯದು ಇನ್ನೊಂದು ಕಡೆಗೆ ಎಂಬಂತೆ ಹಿಸ್ಸೆಯಾಗುತ್ತಿತ್ತು. ರಕ್ತದ ಪ್ರೋಟೀನುಗಳನ್ನು ಪರೀಕ್ಷಿಸಿದಾಗ ಹೀಗೆ ಬೇರೆಯಾದ ಗುಂಪುಗಳ ನಡುವೆ ಆನುವಂಶಿಕ ಅಂತರ ಒಮ್ಮೆಲೇ ಹೆಚ್ಚುವುದು ಕಂಡಿತು. ಹೊರಗಿನ ಒಂದು ಹನಿ ರಕ್ತವೂ ಸೇರದ ಆ ದ್ವೀಪದಲ್ಲಿ ಒಳಸಂಬಂಧದ ಕೇಡು ಬೇಗನೆ ತಲೆದೋರಬೇಕಿತ್ತೆಂದು ಯಾರಾದರೂ ಎಣಿಸುವರು. ಮುಕ್ಕಾಲು ಶತಮಾನದ ಪ್ರತ್ಯೇಕತೆಯ ನಂತರ, 2017ರಲ್ಲಿ ಪ್ರಕಟವಾದ ಪರೀಕ್ಷೆ ಹತ್ತಿರದ ಬಂಧುಗಳ ನಡುವಿನ ಸಂತಾನ ಅಲ್ಲಿ ತೀರ ವಿರಳವೆಂದು ತೋರಿಸಿತು. 38 ಎಕರೆಯೊಳಗೇ ಗಂಡುಗಳು ಗುಂಪು ಬಿಟ್ಟು ಗುಂಪಿಗೆ ಹೋಗುವ ಹಳೆಯ ಪದ್ಧತಿಯನ್ನು ಕೈಬಿಟ್ಟಿರಲಿಲ್ಲ.

ಅದೇ ವರ್ಷದ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ದ್ವೀಪದ ಮರಗಳಲ್ಲಿ ಬಹುಪಾಲನ್ನು ಉರುಳಿಸಿತು. ಕೋತಿಗಳಲ್ಲಿ ಹೆಚ್ಚಿನವು ಬದುಕಿ ಉಳಿದವು. ನೆರಳು ದುರ್ಲಭವಾದ ಆ ಬಿಸಿಲ ನೆಲದಲ್ಲಿ, ಸದಾ ಕಚ್ಚಾಡುವ ಪ್ರಾಣಿಗಳೆಂದು ಹೆಸರಾದ ರೀಸಸ್ ಕೋತಿಗಳು ಉಳಿದ ತುಸು ನೆರಳಿನಲ್ಲಿ ಒತ್ತಾಗಿ ಕೂರುವುದನ್ನು ಕಲಿತವು. ಚಂಡಮಾರುತಕ್ಕೆ ಮೊದಲಿನ ರಕ್ತದ ಮಾದರಿಗಳು ಸಂಗ್ರಹದಲ್ಲಿದ್ದುದರಿಂದ ನಂತರದವುಗಳೊಂದಿಗೆ ಹೋಲಿಸಿ, ನಿರೋಧಕ ಕೋಶಗಳಲ್ಲಿ ವಂಶವಾಹಿಗಳು ಕೆಲಸ ಮಾಡುವ ರೀತಿ ಸರಾಸರಿ ಸುಮಾರು 2 ವರ್ಷದಷ್ಟು ಹೆಚ್ಚು ಮುಪ್ಪಾಗಿದೆಯೆಂದು 2022ರಲ್ಲಿ ವರದಿಯಾಯಿತು.

ಸಾಕಿದ ಹಿಂಡುಗಳ ವಂಶಾವಳಿ ಪುಸ್ತಕಗಳಿಂದ ಬಂದ ಇನ್ನೊಂದು ಲಾಭ ಸ್ವಾಭಾವಿಕ ರೋಗಗಳ ಪತ್ತೆ. ಕ್ಯಾಲಿಫೋರ್ನಿಯಾದ ಕೇಂದ್ರದಲ್ಲಿ ಹಗಲಿನ ಬೆಳಕಿನಲ್ಲಿ ಕಾಣಲು ಕಷ್ಟಪಡುತ್ತಿದ್ದ ಕೆಲವು ಕೋತಿಗಳ ಕಣ್ಣನ್ನು ಪರೀಕ್ಷಿಸಿದಾಗ, ಬಣ್ಣವನ್ನೂ ಸೂಕ್ಷ್ಮ ವಿವರವನ್ನೂ ಗ್ರಹಿಸುವ ಶಂಕು ಕೋಶಗಳು ಕೆಲಸ ಮಾಡದಿರುವುದು ತಿಳಿಯಿತು. ತಂದೆತಾಯಿ ಇಬ್ಬರಿಂದಲೂ ಪಿಡಿಇ-6ಸಿ ಎಂಬ ವಂಶವಾಹಿಯ ದೋಷವುಳ್ಳ ರೂಪ ಅವುಗಳಿಗೆ ಬಂದಿತ್ತು. ಇದೇ ವಂಶವಾಹಿಯ ದೋಷದಿಂದ ಮನುಷ್ಯರಲ್ಲಿಯೂ ಪೂರ್ಣ ವರ್ಣಾಂಧತೆ ಉಂಟಾಗುತ್ತದೆ. ಇಲಿಯ ಕಣ್ಣಿನಲ್ಲಿ, ಮನುಷ್ಯ ಓದುವುದಕ್ಕೂ ಮುಖ ಗುರುತಿಸುವುದಕ್ಕೂ ಬಳಸುವ ಅಕ್ಷಿಪಟದ ನಡುಚುಕ್ಕೆ ಇಲ್ಲವೇ ಇಲ್ಲ, ಕೋತಿಯಲ್ಲಿ ಅದಿದೆ. ಆದ್ದರಿಂದ 2019ರ ಈ ಪತ್ತೆ ವಂಶವಾಹಿ ಚಿಕಿತ್ಸೆಯ ಪರೀಕ್ಷೆಗೆ ನೇರವಾದ ದಾರಿ ತೆರೆಯಿತು. ಅದೇ ವರ್ಷ ಆರಿಗನ್ ಕೇಂದ್ರದಲ್ಲಿ ಕಣ್ಣು ಮತ್ತು ಮೂತ್ರಪಿಂಡಗಳನ್ನು ಕೆಡಿಸುವ ಬಾರ್ಡೆಟ್-ಬೀಡ್ಲ್ ಎಂಬ ಆನುವಂಶಿಕ ರೋಗವೂ ಕೋತಿಗಳಲ್ಲಿ ತಾನಾಗಿ ಕಾಣಿಸಿಕೊಂಡದ್ದು ದಾಖಲಾಯಿತು. ಗಂಗಾ ಬಯಲಿನಲ್ಲಿ ಅಂಥ ಕುರುಡು ಮರಿಯೊಂದು ಹುಟ್ಟಿದ್ದರೆ ಅದು ಯಾರ ಲೆಕ್ಕಕ್ಕೂ ಬರದೆ ಸಾಯುತ್ತಿತ್ತು.

ವೈವಿಧ್ಯ ಕಡಿಮೆಯಿದ್ದರೂ ಸಂಶೋಧನೆಗೆ ಉಪಯೋಗವುಂಟೆಂಬುದನ್ನು ಮಾರಿಷಸ್‌ನ ಕೋತಿಗಳು ತೋರಿಸುತ್ತವೆ. ನಾಲ್ಕು ಶತಮಾನಗಳ ಹಿಂದೆ ಯುರೋಪಿನ ನಾವಿಕರು ಆಗ್ನೇಯ ಏಷ್ಯಾದಿಂದ ತಂದು ಬಿಟ್ಟ ಬೆರಳೆಣಿಕೆಯ ಉದ್ದಬಾಲದ ಕೋತಿಗಳಿಂದ ಬೆಳೆದ ಆ ಇಡೀ ಸಮುದಾಯದಲ್ಲಿ ಎಂಎಚ್‌ಸಿ ವಂಶವಾಹಿಗಳ ಏಳೇ ಏಳು ಮುಖ್ಯ ಜೋಡಣೆಗಳಿವೆ. ಒಂದೇ ಜೋಡಣೆಯುಳ್ಳ ಪ್ರಾಣಿಗಳು ಸುಲಭವಾಗಿ ಸಿಗುವುದರಿಂದ ಅಂಗ ಕಸಿಯ ಮತ್ತು ಲಸಿಕೆಯ ಪ್ರಯೋಗಗಳಿಗೆ ಅವನ್ನು ಹುಡುಕಿಕೊಂಡು ಹೋಗುತ್ತಾರೆ.

ಕರ್ನಾಟಕದ ಬಾನೆಟ್ ಕೋತಿಗೆ ಇಂಥ ಚರಿತ್ರೆ ಒದಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರು ಸಂತಾನ ನಿಯಂತ್ರಣದ ಹಾರ್ಮೋನುಗಳ ಕುರಿತು ನಡೆಸಿದ ದೀರ್ಘಕಾಲದ ಸಂಶೋಧನೆಗೆ ಈ ಕೋತಿಯೇ ಆಧಾರ. ಅದಕ್ಕೂ ಮೊದಲು, 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಬಾನೆಟ್ ಕೋತಿಗಳೂ ಮುಸುವಗಳೂ ಸತ್ತು ಬೀಳುತ್ತಿದ್ದುದನ್ನು ಕಂಡು, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ದಕ್ಷಿಣ ಅಮೆರಿಕದ ಹಳದಿ ಜ್ವರ ಭಾರತಕ್ಕೆ ಬಂದಿತೇ ಎಂಬ ಆತಂಕದಿಂದ ಅಲ್ಲಿಗೆ ಧಾವಿಸಿದರು. ಹೊಸದೊಂದು ವೈರಸ್ ಪತ್ತೆಯಾಯಿತು, ಮಲೆನಾಡಿನವರು ಆ ರೋಗವನ್ನು ಇಂದಿಗೂ ಮಂಗನ ಕಾಯಿಲೆ ಎನ್ನುತ್ತಾರೆ. ದಕ್ಷಿಣ ಭಾರತದಲ್ಲಿ ಮಾತ್ರ ಇರುವ ಈ ಬಾನೆಟ್ ಕೋತಿಯ ನೆಲೆಯೊಳಕ್ಕೆ ರೀಸಸ್ ಕೋತಿ ಉತ್ತರದಿಂದ ಕ್ರಮೇಣ ಇಳಿದುಬರುತ್ತಿದೆಯೆಂದು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಸಂಶೋಧಕರು 2011ರಲ್ಲಿ ಎಚ್ಚರಿಸಿದರು. ರಫ್ತು ನಿಂತ ಮೇಲೆ ಉತ್ತರದಲ್ಲಿ ರೀಸಸ್ ಸಂಖ್ಯೆ ಮತ್ತೆ ಏರಿದ್ದು, ಪೇಟೆಗಳ ಕಾಟಕ್ಕೆ ಬೇಸತ್ತು ಹಿಡಿದ ಕೋತಿಗಳನ್ನು ದೂರದ ಕಾಡುಗಳಿಗೆ ಒಯ್ದು ಬಿಡುವುದು, ಇವುಗಳಿಂದ ಹಳೆಯ ನೆಲೆಗಳ ಆನುವಂಶಿಕ ಗಡಿಗಳೂ ಕದಡುತ್ತಿವೆ. 1938ರ ದ್ವೀಪದ ಕೋತಿಗಳಿಗಿರುವ ತಾಯಿ ಮಕ್ಕಳ ಪಟ್ಟಿ ಇಲ್ಲಿನ ಯಾವ ಕಾಡು ಹಿಂಡಿಗೂ ಇಲ್ಲ.

2020ರಲ್ಲಿ ಕೋವಿಡ್ ಲಸಿಕೆಗಳ ಪರೀಕ್ಷೆಗೆ ಜಗತ್ತಿನೆಲ್ಲೆಡೆ ರೀಸಸ್ ಕೋತಿಗಳು ಬೇಕಾದವು. ಚೀನಾ ಕೋತಿಗಳ ರಫ್ತನ್ನು ನಿಲ್ಲಿಸಿತ್ತು, ಅಮೆರಿಕದ ಕೇಂದ್ರಗಳು ತಮ್ಮ ಹಿಂಡುಗಳನ್ನು ಎಣಿಸಿ ಎಣಿಸಿ ಕೊಡುತ್ತಿದ್ದವು. ಭಾರತದಲ್ಲಿ ಕೊವ್ಯಾಕ್ಸಿನ್ ಪರೀಕ್ಷೆಗೆ ಬೇಕಾದ ಪ್ರಾಣಿಗಳನ್ನು ಮಹಾರಾಷ್ಟ್ರದ ಕಾಡುಗಳಲ್ಲಿ ಹುಡುಕಿ ಹಿಡಿದು ಪುಣೆಗೆ ತರಲಾಯಿತು. ಇಪ್ಪತ್ತು ಕೋತಿಗಳು, ಐದೈದರಂತೆ ನಾಲ್ಕು ಗುಂಪು. ಗುಂಪಿಗೆ ಐದೇ ಪ್ರಾಣಿಗಳಿರುವಾಗ ಒಂದೊಂದರ ವಂಶವಾಹಿಯ ತೂಕವೂ ಫಲಿತಾಂಶದಲ್ಲಿ ದೊಡ್ಡದೇ. ಕಾಡಿನಿಂದ ಬಂದ ಕೋತಿಗೆ ತಂದೆತಾಯಿಯ ದಾಖಲೆ ಇರುವುದಿಲ್ಲ.